ಏರುಮಡಿ ಕೆಲಸ: ಭಾನುವಾರ ಬೆಳಗ್ಗೆ 7ಕ್ಕೆ

ಎಲ್ಲರಿಗೂ ನಮಸ್ಕಾರ. ಹೆಸರು ಕೊಟ್ಟವರ ಹಿತ್ತಲಲ್ಲಿ ಈ ಭಾನುವಾರ ತರಕಾರಿ ಏರುಮಡಿ (ನೆಲಕ್ಕಿಂತ ಎತ್ತರಿಸಿದ ಪಾತಿ) ಕಟ್ಟುತ್ತೇವೆ.

ಉದ್ದ 8 ಅಡಿ, ಎತ್ತರ 1 ಅಡಿ. ಅಗಲ ಮಾತ್ರ 4 ಅಡಿ ದಾಟಬಾರದು. ದಾಟಿದರೆ ನಡುವಿನ ಕಳೆಗೆ ಕೈ ಎಟುಕದೆ ಮಡಿ ತುಳಿಯುತ್ತೀರಿ, ಮಣ್ಣು ಗಟ್ಟಿಯಾಗುತ್ತದೆ. ಗೋಡೆ ಪಕ್ಕವಾದರೆ 2 ಅಡಿ ಸಾಕು.

4 ಅಡಿ ಅಗಲದ ಮಡಿಗೆ 32 ಘನ ಅಡಿ ಮಿಶ್ರಣ ಬೇಕು: ಕೆಂಪು ಮಣ್ಣು 16, ಕಳಿತ ಕೊಟ್ಟಿಗೆ ಗೊಬ್ಬರ 8, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 8. ಕೊಕೊಪೀಟನ್ನು ಶನಿವಾರವೇ ನೆನೆಸಿ, ಎರಡು ಸಲ ತೊಳೆದು ಹಿಂಡಿಡಿ; ಉಪ್ಪು ಉಳಿದರೆ ಸಸಿ ಸೊರಗುತ್ತದೆ. ಹಸಿ ಸಗಣಿ ದಯವಿಟ್ಟು ಬೇಡ, ಬೇರು ತಿನ್ನುವ ಗೊಣ್ಣೆಹುಳು ಬರುತ್ತದೆ. ನೀರು ಬಿದ್ದ ಮೇಲೆ ಮಣ್ಣು ಕುಸಿಯುತ್ತದೆ, ಮೇಲೆ ತುಂಬಲು ನಾಲ್ಕು ಬುಟ್ಟಿ ಮಿಶ್ರಣ ಎತ್ತಿಟ್ಟಿರಿ.

ಜಾಗದ ಅಳತೆ, ದಿನಕ್ಕೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಎಂಬುದನ್ನು ಶುಕ್ರವಾರದೊಳಗೆ ಇಲ್ಲೇ ಬರೆಯಿರಿ. 6 ಗಂಟೆಗಿಂತ ಕಡಿಮೆಯಿದ್ದರೆ ಟೊಮೆಟೊ, ಬದನೆ ಬಿಟ್ಟು ಸೊಪ್ಪು ಹಾಕೋಣ.