ಕೆರೆಯಂಚಿನ ಸೊಪ್ಪು, ಅತ್ತಿಮರದ ಹಣ್ಣು ಉಳಿಯಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬಡಾವಣೆಗಳಲ್ಲಿ ಕೋತಿಗಳ ಕಾಟದ ದೂರು ಬಂದಾಗಲೆಲ್ಲ ಅವುಗಳನ್ನು ಹಿಡಿದು ಬೇರೆಡೆ ಬಿಡಬೇಕೆಂಬ ಒತ್ತಾಯ ಕೇಳಿಬರುತ್ತದೆ. ಅವು ಹಣ್ಣು ತಿನ್ನುತ್ತಿದ್ದ ಮರಗಳು ಏನಾದವು ಎಂದು ವಿಚಾರಿಸುವವರು ಕಡಿಮೆ. ಕೆರೆಯಂಚಿನಲ್ಲಿ ಸೊಪ್ಪು ಕಿತ್ತು ಅಡುಗೆ ಮಾಡಿಕೊಳ್ಳುತ್ತಿದ್ದ ಬಡವರ ನೆಲೆಯೂ ಹೀಗೆಯೇ ಕೈತಪ್ಪುತ್ತಿರುವುದರಿಂದ ಈ ಎರಡನ್ನೂ ಒಟ್ಟಿಗೆ ನೋಡಬೇಕೆಂಬುದು ನನ್ನ ವಿನಂತಿ.

ನಮ್ಮ ಬಡಾವಣೆಯ ಕೆರೆ ಏರಿಯ ಕೆಳಗೆ ಮಳೆ ಬಿದ್ದೊಡನೆ ಹೊನಗೊನೆ, ಒಂದೆಲಗ, ಅಣ್ಣೆ, ಗೋಣಿ ಸೊಪ್ಪುಗಳು ಚಿಗುರುತ್ತಿದ್ದವು. ಹಳೆಯ ಊರಿನ ಅಜ್ಜಿಯರೂ ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಹೆಂಗಸರೂ ಬೇರು ಅಲುಗದಂತೆ ಎಳೆಯ ಕುಡಿಯನ್ನಷ್ಟೇ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಕೆಲವೇ ದಿನಗಳಲ್ಲಿ ಅದೇ ಬಳ್ಳಿ ಮತ್ತೆ ಚಿಗುರುತ್ತಿತ್ತು. ಬೆರಕೆ ಸೊಪ್ಪಿನ ಮಸ್ಸೊಪ್ಪು, ಮುದ್ದೆಯಿದ್ದರೆ ಆ ಮನೆಯ ಒಂದು ಹೊತ್ತಿನ ಊಟ ಕಳೆಯಿತು. ಈಗ ಅಲ್ಲಿ ಕಲ್ಲುಹಾಸಿನ ನಡಿಗೆ ಪಥ, ಹುಲ್ಲುಹಾಸು, ತಂತಿಬೇಲಿ ಬಂದಿವೆ. ಸೊಪ್ಪಿಗೆ ಬಂದವರನ್ನು ಕಾವಲುಗಾರರು ಗದರಿಸಿ ಕಳುಹಿಸುತ್ತಾರೆ. ಕೊಳಚೆ ಸೇರುವ ಕೆರೆಗಳ ಸೊಪ್ಪಿನಲ್ಲಿ ಭಾರಲೋಹಗಳು ಸೇರುವ ಅಪಾಯ ನಿಜವೇ. ಆದರೆ ಅದಕ್ಕೆ ಕೊಳಚೆಯನ್ನು ತಡೆಯಬೇಕಲ್ಲದೆ ಹಸಿದವರನ್ನು ತಡೆಯುವುದು ನ್ಯಾಯವಲ್ಲ.

ಊರೂರಿಗೆ ಇದ್ದ ಗುಂಡುತೋಪುಗಳ ಹಲಸು, ಮಾವು, ಹುಣಸೆ, ನೇರಳೆಗಳು ಊರಿನ ಮಕ್ಕಳಿಗೂ ಕೋತಿಗಳಿಗೂ ಆಗಿ ಮಿಗುತ್ತಿದ್ದವು. ಅತ್ತಿಮರವಂತೂ ಬೊಡ್ಡೆಯ ಮೇಲೆಯೇ ಗೊಂಚಲು ಗೊಂಚಲಾಗಿ ಹಣ್ಣು ಬಿಡುತ್ತದೆ. ಕೋತಿ ಅಲ್ಲಿಯೇ ಕುಳಿತು ಕೆನ್ನೆಯ ಚೀಲ ಉಬ್ಬುವವರೆಗೆ ತುಂಬಿಕೊಳ್ಳುತ್ತದೆ, ಕತ್ತಲಾದ ಮೇಲೆ ಬಾವಲಿಗಳು ಬಂದು ರಸ ಹೀರಿ ಸಿಪ್ಪೆ ಉಗುಳುತ್ತವೆ. ಒಂದೊಂದು ಅತ್ತಿಮರ ಒಂದೊಂದು ಕಾಲಕ್ಕೆ ಹಣ್ಣಾಗುವುದರಿಂದ ನಾಲ್ಕಾರು ಮರಗಳಿರುವ ಕಡೆ ಬೇರೆ ಹಣ್ಣು ಸಿಗದ ತಿಂಗಳುಗಳಲ್ಲೂ ಇವಕ್ಕೆ ಆಹಾರವಿರುತ್ತದೆ. ನಾವು ರಸ್ತೆಬದಿಗೆ ಹೆಚ್ಚಾಗಿ ನೆಟ್ಟಿರುವ ಗುಲ್‌ಮೊಹರ್, ಟಬೂಬಿಯಾಗಳು ಕಣ್ಣಿಗೆ ಹಬ್ಬವೇನೋ ಹೌದು, ಆದರೆ ಅವುಗಳ ಒಣ ಕಾಯಿಯಿಂದ ಹಣ್ಣು ತಿನ್ನುವ ಜೀವಿಗಳ ಹೊಟ್ಟೆ ತುಂಬದು. 1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತ ಕೃಂಬಿಗಲ್ ಅವರು ವರ್ಷವಿಡೀ ಒಂದಾದ ಮೇಲೊಂದು ಮರ ಹೂ ಬಿಡುವಂತೆ ಈ ನಗರಕ್ಕೆ ಸಾಲುಮರಗಳನ್ನು ಆರಿಸಿದರು. ಅದೇ ಜಾಣ್ಮೆಯಿಂದ ವರ್ಷವಿಡೀ ಹಣ್ಣು ಸಿಗುವಂತೆಯೂ ಮರಗಳನ್ನು ಆರಿಸಬಹುದು.

ನಾಗರಿಕರೂ ಕೋತಿಗಳಿಗೆ ಬಿಸ್ಕತ್ತು, ಚಿಪ್ಸ್ ಎಸೆಯುವುದನ್ನು ಬಿಡಬೇಕು. ಮನುಷ್ಯರ ಕೈಯಿಂದ ತಿಂದು ರೂಢಿಯಾದ ಕೋತಿ ನಾಳೆ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತದೆ, ಬಳಿಕ ಬೋನಿಗೆ ಬೀಳುವುದೂ ಅದೇ.

ಮುಂದಿನ ಮುಂಗಾರಿಗೆ ಸಸಿಗಳ ಪಟ್ಟಿ ಸಿದ್ಧಪಡಿಸುವಾಗ ನಗರದ ತೋಟಗಾರಿಕೆ ಮತ್ತು ಅರಣ್ಯ ವಿಭಾಗದ ಅಧಿಕಾರಿಗಳು ಅತ್ತಿ, ಬಸರಿ, ನೇರಳೆ, ಹುಣಸೆಗಳನ್ನು ಉದ್ಯಾನ ಹಾಗೂ ಕೆರೆಯಂಗಳಗಳಿಗೆ ಸೇರಿಸಲಿ. ಕೊಳಚೆ ಸೇರದ ಪ್ರತಿಯೊಂದು ಕೆರೆಯಲ್ಲೂ ಅಂಚಿನ ಒಂದು ಭಾಗವನ್ನು ಕಲ್ಲು ಹಾಸದೆ, ಬೇಲಿ ಹಾಕದೆ ಸೊಪ್ಪಿಗೆಂದು ಬಿಟ್ಟು, ಅಲ್ಲಿ ಕೀಳುವವರನ್ನು ತಡೆಯಬಾರದೆಂದು ಕಾವಲುಗಾರರಿಗೆ ಲಿಖಿತ ಸೂಚನೆ ನೀಡಲಿ.

ಓದುಗರೊಬ್ಬರು, ಬೆಂಗಳೂರು