ಬ್ರೇಕ್ ಸವೆದದ್ದು ನಿಜ, ಹೇಳಿದ ಕಾರಣ ಸುಳ್ಳು

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುನ್ನ ಕಾರನ್ನು ಸರ್ವಿಸಿಗೆ ಬಿಡುವುದು ಪುಣೆಯಲ್ಲಿ ನಮ್ಮ ಮನೆಯ ವಾಡಿಕೆ. ಈ ಸಲ ಅಧಿಕೃತ ವರ್ಕ್‌ಶಾಪಿಗೆ ಬಿಟ್ಟು ಆಫೀಸಿನಲ್ಲಿ ಕುಳಿತ ಒಂದು ಗಂಟೆಯೊಳಗೆ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು, ಹಿಂದೆಯೇ ₹16,800ರ ಎಸ್ಟಿಮೇಟೂ ಬಂತು. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳು ಮುಗಿದಿವೆ, ಅವು ಒತ್ತಿ ಹಿಡಿಯುವ, ಚಕ್ರದೊಡನೆ ತಿರುಗುವ ಡಿಸ್ಕುಗಳನ್ನೂ ಬದಲಿಸಬೇಕು, ನಿಮ್ಮ ಡ್ರೈವಿಂಗ್ ಪದ್ಧತಿಯೇ ಇದಕ್ಕೆ ಕಾರಣ, ಕೂಡಲೇ ‘ಅಪ್ರೂವ್’ ಮಾಡಿ ಎಂಬುದು ಅದರ ಒಕ್ಕಣೆ. ಕಾರಿಗೆ ಇನ್ನೂ ಎರಡು ವರ್ಷ, ಓಡಿದ್ದು 21 ಸಾವಿರ ಕಿಲೋಮೀಟರ್. ನಗರದಲ್ಲಿ ಓಡುವ ಕಾರಿನ ಮುಂದಿನ ಪ್ಯಾಡುಗಳು ಸಾಮಾನ್ಯವಾಗಿ 30–40 ಸಾವಿರ ಕಿಲೋಮೀಟರ್ ಬಾಳುವುದರಿಂದ ನಾನು ಅಪ್ರೂವ್ ಮಾಡದೆ ಸಂಜೆ ಗಾಡಿ ವಾಪಸ್ ತಂದೆ. ನಿಧಾನವಾಗಿಯೇ ತಂದೆ ಎನ್ನಿ.

ಮರುದಿನ ಬೆಳಿಗ್ಗೆ ವಾರ್ಜೆಯಲ್ಲಿ, ಮನೆಯ ಹತ್ತಿರವೇ ಇರುವ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರ ಸಣ್ಣ ಗ್ಯಾರೇಜಿಗೆ ಹೋದೆ. ಅವರು ಮುಂದಿನ ಎರಡೂ ಚಕ್ರ ಬಿಚ್ಚಿ ನಾಲ್ಕು ಪ್ಯಾಡುಗಳನ್ನೂ ಹೊರತೆಗೆದು ಹಳೆಯ ಪತ್ರಿಕೆಯ ಮೇಲೆ ಜೋಡಿಸಿಟ್ಟರು. ಬಲಚಕ್ರದ ಎರಡು ಪ್ಯಾಡುಗಳಲ್ಲೂ ಸುಮಾರು 6 ಮಿಲಿಮೀಟರ್ ಉಳಿದಿತ್ತು. ಎಡಚಕ್ರದ ಹೊರಗಿನ ಪ್ಯಾಡಿನಲ್ಲಿ ಅದಕ್ಕಿಂತಲೂ ತುಸು ಹೆಚ್ಚೇ ಇತ್ತು. ಅದೇ ಚಕ್ರದ ಒಳಗಿನದು ಮಾತ್ರ 1 ಮಿಲಿಮೀಟರಿಗೆ ಬಂದು ನಿಂತಿತ್ತು. ನನಗೆ ಬಂದಿದ್ದ ಫೋಟೊ ಈ ಒಂದೇ ಪ್ಯಾಡಿನದು. “ಸಾಹೇಬ್ರ, ನೀವು ಬ್ರೇಕ್ ಒತ್ತಿದ್ರ ಎರಡೂ ಗಾಲಿಗೆ ಒಂದ ಪ್ರೆಶರ್ ಹೊಕ್ಕೈತಿ. ಒಂದ ಸವದು ಮೂರು ಉಳದಾವು ಅಂದ್ರ ತಪ್ಪು ನಿಮ್ಮ ಕಾಲಿಂದಲ್ಲ” ಎಂದರು ಅವರು.

ಈ ಮಾತಿನ ಹಿಂದಿರುವ ಯಂತ್ರದ ಲೆಕ್ಕವನ್ನು ಕಾರು ಇರುವ ಓದುಗರೆಲ್ಲ ತಿಳಿದಿರುವುದು ಒಳ್ಳೆಯದು. ಡಿಸ್ಕಿನ ಎರಡೂ ಬದಿಗೆ ಪ್ಯಾಡುಗಳನ್ನು ಹಿಡಿದಿರುವ ಇಕ್ಕಳದಂಥ ಭಾಗವೇ ಕ್ಯಾಲಿಪರ್. ನಾವು ಓಡಿಸುವ ಸಾಧಾರಣ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಸ್ಲೈಡರ್ ಪಿನ್ನುಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ತಾಗಿಸುತ್ತದೆ. ಪಿನ್ನಿನ ರಬ್ಬರ್ ಹೊದಿಕೆ, ಅಂದರೆ ಬೂಟು, ಹರಿದು ಮಳೆನೀರು, ಕೆಸರು ಒಳಸೇರಿ ಗ್ರೀಸು ಒಣಗಿತೆಂದರೆ ಕ್ಯಾಲಿಪರ್ ಸರಿಯುವುದಿಲ್ಲ. ಒಳಗಿನ ಪ್ಯಾಡು ಒಂಟಿಯಾಗಿ ದುಡಿಯುತ್ತದೆ, ಕಾಲು ತೆಗೆದ ಮೇಲೂ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ನನ್ನ ಕಾರಿನ ಕೆಳಗಿನ ಪಿನ್ನನ್ನು ಇಕ್ಕಳ ಹಾಕಿ ತಿರುಗಿಸಿ ತಿರುಗಿಸಿ ಎಳೆಯಬೇಕಾಯಿತು. ಹೊರಬಂದಾಗ ಅದರ ಮೇಲೆ ಗ್ರೀಸಿನ ಬದಲು ಸುಟ್ಟ ಬೆಲ್ಲದಂಥ ಕಂದು ಪದರ ಹತ್ತಿತ್ತು. ಮೇಲಿನ ಪಿನ್ನು ಬೆರಳಿನಿಂದ ತಳ್ಳಿದರೆ ಸರಾಗವಾಗಿ ಓಡುತ್ತಿತ್ತು.

ಡಿಸ್ಕಿನ ಮಾತು ಇನ್ನೂ ಸುಲಭವಾಗಿ ಇತ್ಯರ್ಥವಾಯಿತು. ಎಷ್ಟು ಸವೆದರೆ ಬದಲಿಸಬೇಕು ಎಂಬ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ನನ್ನದರಲ್ಲಿ ಅದು 20 ಮಿಲಿಮೀಟರ್, ಅಳತೆಗೆ ಸಿಕ್ಕಿದ್ದು 21.2.

ವರ್ಕ್‌ಶಾಪಿನವರು ಹೇಳಿದ್ದೆಲ್ಲ ಸುಳ್ಳೆಂದು ನಾನು ದೂರುತ್ತಿಲ್ಲ. ಒಂದು ಪ್ಯಾಡು ಮುಗಿದದ್ದು ನಿಜ, ಬದಲಿಸುವುದಾದರೆ ಎರಡೂ ಬದಿಯ ಚಕ್ರಗಳದ್ದನ್ನು ಒಟ್ಟಿಗೇ ಬದಲಿಸಬೇಕೆಂಬುದೂ ಸರಿ. ಎಸ್ಟಿಮೇಟಿನಲ್ಲಿದ್ದ ಬ್ರೇಕ್ ಆಯಿಲನ್ನೂ ನಾನು ತಕರಾರಿಲ್ಲದೆ ಒಪ್ಪಿದೆ. ಅದು ಗಾಳಿಯ ತೇವ ಹೀರುವ ದ್ರವ. ಡಾಟ್ 4 ಎಂಬ ದರ್ಜೆಯ ಆಯಿಲಿನಲ್ಲಿ ಹೊಸತಾಗಿ ಕನಿಷ್ಠ 230 ಡಿಗ್ರಿ ಇರಬೇಕಾದ ಕುದಿಬಿಂದುವಿನ ಮಿತಿ, ತೇವ ಹೀರಿದ ಮೇಲೆ 155ಕ್ಕೆ ಇಳಿಯುತ್ತದೆ. ಕಾದ ಬ್ರೇಕಿನಲ್ಲಿ ಆಯಿಲು ಕುದಿದರೆ ಹಿಡಿತ ತಪ್ಪುತ್ತದೆ. ನನ್ನ ಕಾಲೂ ಪೂರ್ತಿ ನಿರಪರಾಧಿಯಲ್ಲ. ಬೆಳಗಾವಿಯಿಂದ ಮರಳುವಾಗ ಕಾತ್ರಜಿನ ಹೊಸ ಸುರಂಗ ದಾಟಿ ನವಲೆ ಸೇತುವೆಯವರೆಗಿನ ಉದ್ದ ಇಳಿಜಾರಿನಲ್ಲಿ ನಾಲ್ಕನೇ ಗೇರಿನಲ್ಲೇ ಬ್ರೇಕ್ ಒತ್ತಿಕೊಂಡು ಬರುವ ಚಟ ನನಗಿತ್ತು. ಬ್ರೇಕ್ ಹತ್ತದ ಲಾರಿಗಳು ಅಲ್ಲಿ ಮಾಡಿದ ಅನಾಹುತಗಳನ್ನು ಕಂಡ ಮೇಲೂ ಬುದ್ಧಿ ಬಂದಿರಲಿಲ್ಲ. ಈಗ ಗೇರು ಇಳಿಸಿಯೇ ಇಳಿಯುತ್ತೇನೆ. ಆದರೆ ಆ ಚಟದಿಂದ ಸವೆಯುವುದಾಗಿದ್ದರೆ ಎಡಬಲ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿ ಸವೆಯಬೇಕಿತ್ತು.

ಕಾರಣ ತಪ್ಪಿದರೆ ಆಗುವ ನಷ್ಟ ಒಂದೇ ಅಲ್ಲ. ಪಿನ್ನು ಬಿಡಿಸದೆ ಹೊಸ ಪ್ಯಾಡು ಹಾಕಿದ್ದರೆ ಮುಂದಿನ ವರ್ಷ ಮತ್ತೆ ಅದೇ ಬಿಲ್ಲು, ಮತ್ತೆ ಅದೇ ಉಪದೇಶ. ಜೊತೆಗೆ ಪ್ಯಾಡು ಸವೆಯುವ ಸಾಮಾನೆಂದು ವಾರಂಟಿಯಿಂದ ಹೊರಗಿರುತ್ತದೆ, ಆದರೆ ಕ್ಯಾಲಿಪರ್ ಹಾಗಲ್ಲ. ‘ನಿಮ್ಮ ಡ್ರೈವಿಂಗ್’ ಎಂದು ಕೆಲಸದ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ಬರೆದುಬಿಟ್ಟರೆ ಖರ್ಚು ಕಂಪನಿಯ ಹೆಗಲಿನಿಂದ ಜಾರಿ ನಮ್ಮ ಹೆಗಲಿಗೆ ಬೀಳುತ್ತದೆ. ವಾರ್ಜೆಯ ಮೆಕ್ಯಾನಿಕ್ ಇದನ್ನರಿತೇ ಪಿನ್ನನ್ನು ಉಜ್ಜದೆ, ಹೇಗಿತ್ತೋ ಹಾಗೆ ಮರಳಿ ಕೂಡಿಸಿ, “ಮೊದಲ ಅವರಿಗೆ ತೋರಸ್ರಿ” ಎಂದು ಕಳಿಸಿಕೊಟ್ಟರು. ಚಕ್ರ ಬಿಚ್ಚಿದ್ದಕ್ಕೆ ಮುನ್ನೂರು ರೂಪಾಯಿ ಬಿಟ್ಟರೆ ಅವರಿಗೆ ನನ್ನಿಂದ ದಕ್ಕಿದ್ದೇನೂ ಇಲ್ಲ.

ವರ್ಕ್‌ಶಾಪಿನಲ್ಲಿ ನಾನು ಜಗಳ ತೆಗೆಯಲಿಲ್ಲ. ನನ್ನೆದುರಿಗೆ ಚಕ್ರ ಬಿಚ್ಚಿ, ಕ್ಯಾಲಿಪರನ್ನು ಕೈಯಿಂದ ಸರಿಸಿ ತೋರಿಸಿ ಎಂದೆ. ಸರಿಯಲಿಲ್ಲ. ಅಲ್ಲಿನ ಸರ್ವಿಸ್ ಸಲಹೆಗಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜಾಬ್ ಕಾರ್ಡಿನಲ್ಲಿದ್ದ ಡ್ರೈವಿಂಗಿನ ಸಾಲನ್ನು ಹೊಡೆದುಹಾಕಿ ‘ಪಿನ್ ಜಾಮ್’ ಎಂದು ಬರೆದರು. ಪಿನ್ನು, ಬೂಟುಗಳ ಕೆಲಸ ವಾರಂಟಿಯಲ್ಲಿ ಆಯಿತು, ಡಿಸ್ಕು ಹಳೆಯದೇ ಉಳಿಯಿತು. ಪ್ಯಾಡು, ಆಯಿಲು, ಕೂಲಿ ಸೇರಿ ನಾನು ಕೊಟ್ಟದ್ದು ₹5,100.

ಮೆಕ್ಯಾನಿಕ್ ಪರಿಚಯವಿಲ್ಲದವರು ಏನು ಮಾಡಬೇಕು? ಮುಂದಿನ ಎರಡೂ ಚಕ್ರಗಳ ನಾಲ್ಕು ಪ್ಯಾಡುಗಳ ದಪ್ಪವನ್ನು, ಒಳಗಿನದು ಹೊರಗಿನದು ಬೇರೆಬೇರೆಯಾಗಿ, ಮಿಲಿಮೀಟರಿನಲ್ಲಿ ಬರೆದುಕೊಡಿ ಎಂದು ಕೇಳಬಹುದು. ಅದು ಹತ್ತು ನಿಮಿಷದ ಕೆಲಸ. ಹಳೆಯ ಸಾಮಾನನ್ನು ವಾಪಸ್ ಕೊಡಬೇಕೆಂದು ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಬರೆಸಬೇಕು. ಮಾಡಿದ ಕೆಲಸಕ್ಕೆ ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ವರ್ಕ್‌ಶಾಪುಗಳು ಫೋಟೊ ಕಳಿಸುವುದಾದರೆ ಒಂದು ಪ್ಯಾಡಿನದ್ದಲ್ಲ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕರದ್ದೂ ಕಳಿಸಲಿ ಎಂಬುದು ತಮ್ಮ ಪತ್ರಿಕೆಯ ಮೂಲಕ ನನ್ನ ವಿನಂತಿ.

ಇಂತಿ,
ತಮ್ಮ ಓದುಗ,
ವಾರ್ಜೆ, ಪುಣೆ