ಏಳು ಗಂಟೆಗೆ ಮನೆಯಲ್ಲಿರಬೇಕು

ದೋಸ್ತ,

ನಿನ್ನ ಹೊಸ ಮನೆ ಗೃಹಪ್ರವೇಶಕ್ಕೆ ಬಂದವನು ಸಂಜೆ ಐದಕ್ಕೇ ಎದ್ದು ಹೊರಟುಬಿಟ್ಟೆ ಅಂತ ನಿನಗೆ ಬೇಜಾರಾಗಿದೆ. ನಿನ್ನ ತಂಗಿ ಫೋನ್ ಮಾಡಿದಾಗ ಹೇಳಿದಳು. "ದುರ್ಗದಿಂದ ದಾವಣಗೆರೆ ಗಂಟೆ ದಾರಿ, ರಾತ್ರಿ ಊಟ ಮುಗಿಸಿ ಹೋಗೋಕೆ ಏನಾಗಿತ್ತು ಅವನಿಗೆ" ಅಂದೆಯಂತೆ. ಸರಿಯಾಗೇ ಕೇಳಿದ್ದೀಯ. ಅವತ್ತು ನಾನು "ಅರ್ಜೆಂಟ್ ಕೆಲಸ ಇದೆ" ಅಂದೆ. ಏನು ಕೆಲಸ ಅಂತ ಹೇಳೋಕೆ ನಾಚಿಕೆಯಾಯಿತು. ಅಷ್ಟು ಜನರ ಮುಂದೆ, "ಬೆಕ್ಕಿಗೆ ಇನ್ಸುಲಿನ್ ಕೊಡಬೇಕು" ಅಂತ ಹೇಗಪ್ಪಾ ಹೇಳಲಿ? ನಿಮ್ಮ ಮಾವನವರು ಬೇರೆ ಪಕ್ಕದಲ್ಲೇ ಕೂತಿದ್ದರು.

ಹೌದು, ನಮ್ಮ ಸಾವ್ಕಾರನಿಗೆ ಶುಗರ್. ನೀನು ಅವನನ್ನು ನೋಡಿದ್ದೀಯಲ್ಲ, ಹತ್ತು ವರ್ಷದ ಹಿಂದೆ ಮಂಡಿಪೇಟೆಯ ಚೀಲದ ಸಂದಿಯಿಂದ ಜೇಬಲ್ಲಿ ಹಾಕಿಕೊಂಡು ಬಂದಿದ್ದ ಬೂದು ಮರಿ. ಬಂದ ದಿನವೇ ಕುರ್ಚಿ ಮೇಲೆ ಹೊಟ್ಟೆ ಬಿಟ್ಟುಕೊಂಡು ಮಲಗಿದ್ದಕ್ಕೆ ಅವ್ವ ಆ ಹೆಸರಿಟ್ಟಳು. ಈಗ ಓಣಿಯವರೆಲ್ಲ "ಹೆಸರಿಗೆ ತಕ್ಕ ಕಾಯಿಲೆ ಬಂತು ಬಿಡಿ" ಅಂತಾರೆ.

ಶುರುವಾದದ್ದು ಏಪ್ರಿಲ್‌ನಲ್ಲಿ. ನಮ್ಮೂರ ಬಿಸಿಲು ಗೊತ್ತೇ ಇದೆಯಲ್ಲ. ಆ ಬಿಸಿಲಲ್ಲಿ ಬೆಕ್ಕು ಜಾಸ್ತಿ ನೀರು ಕುಡಿದರೆ ಯಾರಿಗೆ ಅನುಮಾನ ಬರುತ್ತೆ? ಬಟ್ಟಲು ಖಾಲಿ ಮಾಡಿ ಬಚ್ಚಲ ಬಕೆಟ್ಟಿಗೂ ಬಾಯಿ ಹಾಕುತ್ತಿದ್ದ. ತಿನ್ನೋದೂ ಜಾಸ್ತಿ, ಆದರೆ ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ಕಾಯಿಲೆ ಕಂಡುಹಿಡಿದದ್ದು ಡಾಕ್ಟರಲ್ಲ, ಅವ್ವ. ಹಿತ್ತಲ ಮೂಲೆಯಲ್ಲಿ ಅವನು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಸಾಲು ಕಟ್ಟಿದ್ದವು. "ನಿಮ್ಮಜ್ಜಂಗೂ ಹಿಂಗೇ ಆಗಿತ್ತು ಕಣೋ, ಬಚ್ಚಲಾಗೆ ಇರುವಿ ಮುತ್ತಿದ್ವು. ಇದಕ್ಕೂ ಸಕ್ಕರೆ ಕಾಯ್ಲೆನೇ" ಅಂದಳು. ನಾನು ನಕ್ಕೆ. ನೀನೂ ನಗುತ್ತಿದ್ದೆ ಬಿಡು.

ನಗು ನಿಂತದ್ದು ಅವನ ನಡಿಗೆ ನೋಡಿದಾಗ. ಬೆಕ್ಕು ಯಾವಾಗಲೂ ತುದಿಗಾಲಲ್ಲಿ ನಡೆಯುತ್ತೆ ಅಲ್ವಾ? ಇವನು ಹಿಂಗಾಲಿನ ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿ ನಡೆಯುತ್ತಿದ್ದ, ಮೊಲದ ಹಾಗೆ. ಕಿಟಕಿಗೆ ಹಾರಲು ಹೋಗಿ ಜಾರಿ ಬಿದ್ದ. ಬಿದ್ದವನು ನಮ್ಮ ಕಡೆ ನೋಡದೆ ಮೈ ನೆಕ್ಕಿಕೊಳ್ಳುತ್ತಾ ಕೂತ. ಸಕ್ಕರೆ ಏರಿ ನರಕ್ಕೆ ಪೆಟ್ಟು ಬಿದ್ದರೆ ಹೀಗಾಗುತ್ತಂತೆ.

ದನ, ನಾಯಿ ನೋಡುವವರ ಮಧ್ಯೆ ಬೆಕ್ಕನ್ನು ಕುತೂಹಲದಿಂದ ನೋಡುವ ಡಾಕ್ಟರು ಒಬ್ಬರು ಸಿಕ್ಕರು. ಒಂದು ಕಾಲಕ್ಕೆ 6.3 ಕೆಜಿ ಇದ್ದವನು 4.9ಕ್ಕೆ ಇಳಿದಿದ್ದ. ರಕ್ತದಲ್ಲಿ ಸಕ್ಕರೆ 380. ಆದರೂ ಅವರು ತಕ್ಷಣ ಶುಗರ್ ಅಂತ ಮುದ್ರೆ ಒತ್ತಲಿಲ್ಲ. ಬೆಕ್ಕು ಹೆದರಿದರೆ ಸಾಕು, ಕಾಯಿಲೆ ಇಲ್ಲದಿದ್ದರೂ ಸಕ್ಕರೆ ಏರಿಬಿಡುತ್ತಂತೆ. ಬುಟ್ಟಿಯಲ್ಲಿ ತುರುಕಿ, ಆಟೋದಲ್ಲಿ ಕುಲುಕಿಸಿ, ನಾಯಿ ಬೊಗಳುವ ಕಡೆ ಕೂರಿಸಿದ ಬೆಕ್ಕಿನ ರಕ್ತ ಏನು ಹೇಳೀತು? ಅದಕ್ಕೇ ಮೂತ್ರ ನೋಡಿದರು, ಜೊತೆಗೆ ಫ್ರಕ್ಟೋಸಮೈನ್ ಅಂತ ಇನ್ನೊಂದು ಟೆಸ್ಟಿಗೂ ಕಳಿಸಿದರು. ಅದು ಆ ಕ್ಷಣದ ಲೆಕ್ಕ ಅಲ್ಲ, ಹಿಂದಿನ ಒಂದೆರಡು ವಾರದ್ದು. ಅದೂ ಏರಿತ್ತು. ಗಂಡು, ಬೀಜ ತೆಗೆಸಿದ್ದು, ವಯಸ್ಸಾಗಿದೆ, ಮೈ ಬಂದಿತ್ತು. ಶುಗರ್ ಬರೋದು ಇಂಥ ಬೆಕ್ಕಿಗೇ ಜಾಸ್ತಿ ಅಂದರು.

"ಏನು ತಿನ್ನಿಸ್ತೀರಿ?" ಅಂತ ಕೇಳಿದರು. ಅವ್ವ ಹೆಮ್ಮೆಯಿಂದ ಹೇಳಿದಳು: ಬೆಳಗ್ಗೆ ಹಾಲು ಅನ್ನ, ಮಧ್ಯಾಹ್ನ ಮೊಸರನ್ನ, ನಡುನಡುವೆ ಅಂಗಡಿ ಕಾಳು. ನಮ್ಮ ಮನೆ ನಿನಗೆ ಗೊತ್ತಲ್ಲ, ಮೊಟ್ಟೆ ಸಹ ಹೊಸಿಲು ದಾಟದ ಮನೆ. ಡಾಕ್ಟರು ನಿಧಾನಕ್ಕೆ ಹೇಳಿದರು, "ಅಮ್ಮಾ, ಇದರ ಮೈ ಮಾಂಸಕ್ಕೆ ಅಂತ ಆಗಿರೋದು. ಅನ್ನದ ಸಕ್ಕರೆ ಅರಗಿಸಿಕೊಳ್ಳೋ ಶಕ್ತಿ ಇದಕ್ಕೆ ಕಮ್ಮಿ." ಅವ್ವನ ಮುಖ ನೋಡಬೇಕಿತ್ತು. ಹತ್ತು ವರ್ಷ ತಾನು ಕೈಯಾರೆ ಕಲಸಿಟ್ಟದ್ದು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಬೆಣ್ಣೆ ದೋಸೆ ಪಾರ್ಸೆಲ್ ತಂದಾಗ ಎಲೆ ನೆಕ್ಕುತ್ತಿದ್ದನಲ್ಲ, ಅದರಲ್ಲೂ ತಪ್ಪು ಬೆಣ್ಣೆಯದಲ್ಲ, ದೋಸೆಯದು!

ಈಗ ಚಿಕನ್ ಬೇಯೋದು ಮಾಳಿಗೆ ಮೇಲೆ. ಅದಕ್ಕೇ ಒಂದು ಕರೆಂಟ್ ಒಲೆ, ಒಂದು ಪಾತ್ರೆ, ಒಂದು ಚಮಚ. ಬರೀ ಬೇಯಿಸಿದ ಚಿಕನ್ ಸಾಲದು, ಕ್ಯಾಲ್ಸಿಯಂ, ಟಾರೀನ್ ಅನ್ನೋ ಪೋಷಕಾಂಶ ಎಲ್ಲ ಬೇಕು ಅಂದಿದ್ದಕ್ಕೆ ಪಿಷ್ಟ ಕಮ್ಮಿ ಇರುವ ಮೆತ್ತನೆ ಪೌಚ್ ಆಹಾರವೇ ಮುಖ್ಯ, ಚಿಕನ್ ಸ್ವಲ್ಪ. ಅದನ್ನೂ ಒಮ್ಮೆಲೇ ಬದಲಿಸಲಿಲ್ಲ. ಅನ್ನ ಕಮ್ಮಿಯಾದರೆ ಇನ್ಸುಲಿನ್ನೂ ಕಮ್ಮಿ ಸಾಕಾಗುತ್ತೆ, ಹಳೇ ಲೆಕ್ಕದಲ್ಲೇ ಚುಚ್ಚಿದರೆ ಅಪಾಯ. ಮೊದಮೊದಲು ಅವ್ವ ಸೆರಗು ಮೂಗಿಗೆ ಹಿಡಿದು ದೂರ ನಿಲ್ಲುತ್ತಿದ್ದಳು. ಈಗ ಮೂಗು ಮುಚ್ಚಿಕೊಂಡೇ, "ಇವತ್ತು ತುಂಡು ದೊಡ್ಡವಾಗ್ಯಾವೆ, ಸಣ್ಣ ಮಾಡು" ಅಂತಾಳೆ.

ಸೂಜಿ ವಿಷಯ ಕೇಳು. ಗ್ಲಾರ್ಜಿನ್ ಅನ್ನೋ ಇನ್ಸುಲಿನ್, ಮನುಷ್ಯರಿಗೆ ಕೊಡುವುದೇ. "ಮನುಷ್ಯರ ಔಷಧಿ ಬೆಕ್ಕಿಗಾ?" ಅಂತ ಎಲ್ಲರೂ ಕೇಳುತ್ತಾರೆ. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಇಬ್ಬರೂ ಮೊದಲು ಪ್ರಯೋಗ ಮಾಡಿದ್ದು ನಾಯಿಗಳ ಮೇಲೆ. ಆಮೇಲೆ ಎಷ್ಟೋ ವರ್ಷ ದನ, ಹಂದಿಯ ಮೈಯಿಂದ ತೆಗೆದ ಇನ್ಸುಲಿನ್ನೇ ಮನುಷ್ಯರನ್ನು ಉಳಿಸಿದ್ದು. ಸಾಲ ವಾಪಸ್ ಕೊಡ್ತಿದ್ದೀವಿ ಅಂದುಕೋ.

ಮೊದಲು ಕೊಟ್ಟದ್ದು ಹೊತ್ತಿಗೆ ಒಂದೇ ಯೂನಿಟ್. ಈ ಇನ್ಸುಲಿನ್‌ನಲ್ಲಿ ಒಂದು ಯೂನಿಟ್ ಅಂದರೆ 0.01 ಮಿಲಿ, ಒಂದು ಹನಿಯೂ ಅಲ್ಲ. ಮೆಡಿಕಲ್ ಶಾಪಿನಲ್ಲಿ ಇನ್ಸುಲಿನ್ ಸಿರಿಂಜ್ ಕೊಡಿ ಅಂದೆ, ಕೊಟ್ಟರು. ಮನೆಗೆ ಬಂದು ಬಾಟಲಿ ಒಂದು ಕೈಲಿ, ಸಿರಿಂಜ್ ಒಂದು ಕೈಲಿ ಹಿಡಿದು ಟ್ಯೂಬ್‌ಲೈಟ್ ಕೆಳಗೆ ನಿಂತು ಓದಿದೆ. ಬಾಟಲಿ ಮೇಲೆ 100, ಸಿರಿಂಜ್ ಮೇಲೆ 40. ಒಂದು ಮಿಲಿಗೆ ಎಷ್ಟು ಯೂನಿಟ್ ಅನ್ನೋ ಲೆಕ್ಕ ಅದು. ಕೆಂಪು ಮುಚ್ಚಳದ್ದು 40ರ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100ರದಕ್ಕೆ. ಕೆಂಪಿನದರಲ್ಲಿ ಒಂದು ಗೆರೆ ಎಳೆದಿದ್ದರೆ ಒಂದರ ಬದಲು ಎರಡೂವರೆ ಯೂನಿಟ್ ಹೋಗುತ್ತಿತ್ತು. ಕೈ ತಣ್ಣಗಾಯಿತು. ಅವತ್ತಿನಿಂದ ಅಂಗಡಿಯಲ್ಲೇ ಮುಚ್ಚಳದ ಬಣ್ಣ ನೋಡಿ ತಗೋತೀನಿ. ನಿಮ್ಮ ಮನೇಲೂ ಶುಗರ್ ಇರೋರು ಇದ್ದಾರಲ್ಲ, ನೀನೂ ಒಮ್ಮೆ ನೋಡು.

ಚುಚ್ಚೋದು ಕಷ್ಟವೇ ಅಲ್ಲ. ಊಟಕ್ಕೆ ಬಾಯಿ ಹಾಕಿದಾಗ ಪಕ್ಕೆಯ ಚರ್ಮ ಗುಡಾರದ ಹಾಗೆ ಎತ್ತಿ ಚುಚ್ಚಿದರೆ ಅವನು ತಲೆ ಸಹ ಎತ್ತುವುದಿಲ್ಲ. ರಕ್ತ ನೋಡೋದೇ ಕಷ್ಟ. ಕಿವಿ ಅಂಚಿನಿಂದ ತೆಗೆಯಬೇಕು. ಕಿವಿ ತಣ್ಣಗಿದ್ದರೆ ರಕ್ತ ಬರಲ್ಲ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಬೇಕು. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಕಿವಿ ವೀಳ್ಯದೆಲೆಯ ಹಾಗೆ ಬೆಳಗುತ್ತೆ, ಅಂಚಲ್ಲಿ ಓಡುವ ಸಣ್ಣ ರಕ್ತನಾಳ ಕಾಣುತ್ತೆ. ಅದರ ಪಕ್ಕ ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ. ಅಷ್ಟೇ ಸಾಕು. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಮ್ಮಿ ತೋರಿಸುತ್ತಂತೆ, ಡಾಕ್ಟರು ಅದನ್ನು ಲೆಕ್ಕಕ್ಕೆ ಹಿಡಿದೇ ಡೋಸ್ ಹೇಳುತ್ತಾರೆ.

ನಿಜವಾದ ಕಷ್ಟ ಗಡಿಯಾರದ್ದು. ಬೆಳಗ್ಗೆ ಏಳು, ಸಂಜೆ ಏಳು. ಮದುವೆ, ಜಾತ್ರೆ, ತೇರು ಎಲ್ಲ ಈ ಎರಡು ಏಳರ ನಡುವೆ ಮುಗಿಯಬೇಕು. ನೀನು ಕೇಳಬಹುದು, ಒಂದು ದಿನ ಹೆಂಡತಿ ಕೊಡೋಕಾಗಲ್ವಾ ಅಂತ. ಅವಳು ಕೊಡ್ತಾಳೆ, ನನಗಿಂತ ಚೆನ್ನಾಗಿ. ಅವತ್ತು ಅವಳೂ ನಿಮ್ಮ ಮನೇಲೇ ಇದ್ದಳಲ್ಲೋ! ಅವ್ವನಿಗೆ ಕಣ್ಣು ಮಂಜು, ಗೆರೆ ಕಾಣಲ್ಲ.

ಇಬ್ಬರು ಕೊಡುವುದರಲ್ಲೂ ಒಂದು ಎಡವಟ್ಟಾಗಿದೆ. ಜುಲೈನಲ್ಲಿ ಒಂದು ಸಂಜೆ ಅವಳು ಏಳಕ್ಕೆ ಕೊಟ್ಟು ಪಕ್ಕದ ಮನೆಗೆ ಹೋಗಿದ್ದಾಳೆ. ನಾನು ಏಳೂವರೆಗೆ ಬಂದವನು ತಡವಾಯಿತು ಅಂತ ಬೂಟು ಸಹ ಬಿಚ್ಚದೆ ಮತ್ತೆ ಚುಚ್ಚಿದೆ. ಆಗ ಹೊತ್ತಿಗೆ ಎರಡು ಯೂನಿಟ್ ನಡೆಯುತ್ತಿತ್ತು. ನಾಲ್ಕು ಹೋಯಿತು. ಅವಳು ಬಂದು "ಯಾಕ್ರೀ ಸಿರಿಂಜ್ ಎರಡು ಬಿದ್ದಿವೆ?" ಅಂದಾಗಲೇ ಗೊತ್ತಾದದ್ದು.

ಡಾಕ್ಟರಿಗೆ ಫೋನ್ ಮಾಡಿದೆ. ಗಂಟೆಗೊಮ್ಮೆ ರಕ್ತ ನೋಡಿ, ಊಟ ಕೊಡ್ತಾ ಇರಿ, ತಿನ್ನೋದು ಬಿಟ್ಟರೆ ಅಥವಾ ಸೆಳೆತ ಬಂದರೆ ತಡ ಮಾಡದೆ ಎತ್ತಿಕೊಂಡು ಬನ್ನಿ ಅಂದರು. ಹತ್ತಕ್ಕೆ 110. ಹನ್ನೊಂದೂವರೆಗೆ 58. ಹನ್ನೆರಡೂ ಕಾಲಿಗೆ 46. ಎದ್ದು ನಿಂತವನು ಕುಡಿದವರ ಹಾಗೆ ವಾಲಿದ. ಜೇನುತುಪ್ಪ ಬೆರಳಲ್ಲಿ ತೆಗೆದು ವಸಡಿಗೆ ಸವರಿದೆ. ಬಾಯಿಗೆ ಸುರಿಯಬಾರದು, ಉಸಿರಿಗೆ ಸಿಕ್ಕಿಕೊಳ್ಳುತ್ತೆ. ನಾಲಿಗೆ ಚಪ್ಪರಿಸಿದ. ಮತ್ತೆ ಫೋನ್. "ಈಗ ಪಥ್ಯ ಎಲ್ಲ ಬಿಡಿ, ಏನು ತಿಂತಾನೋ ಅದು ಕೊಡಿ" ಅಂದರು ಡಾಕ್ಟರು.

ಸ್ಪೀಕರಲ್ಲಿ ಕೇಳಿಸಿಕೊಂಡ ಅವ್ವ ಆಗಲೇ ಅಡುಗೆಮನೆಯಲ್ಲಿದ್ದಳು. ಮಧ್ಯರಾತ್ರಿ, ಬಿಸಿ ಹಾಲು, ಮೆತ್ತಗೆ ಹಿಸುಕಿದ ಅನ್ನ, ಒಂದು ಚಿಟಿಕೆ ಸಕ್ಕರೆ. ಅದೇ ಹಳೇ ಬಟ್ಟಲು, ಎಸೆಯದೆ ಎಲ್ಲಿಟ್ಟಿದ್ದಳೋ. ಬೆರಳಲ್ಲಿ ಮುಟ್ಟಿ ಬಿಸಿ ನೋಡಿ ಅವನ ಮುಂದಿಟ್ಟಳು. ಮೂರು ತಿಂಗಳಿಂದ ಕಾಣದ ಹಾಲು ಅನ್ನ. ಅವನು ತಲೆ ಎತ್ತದೆ ನೆಕ್ಕಿದ, ಅವ್ವ ಬೆನ್ನು ಸವರುತ್ತಾ ಕೂತಳು. ನಾಲ್ಕು ಗಂಟೆಗೆ 130 ಬಂತು. ನಾವು ಮೂವರೂ ಟೀ ಕುಡಿದೆವು.

ಅವತ್ತಿನಿಂದ ಅಡುಗೆಮನೆ ಕ್ಯಾಲೆಂಡರಿನಲ್ಲಿ ಚುಚ್ಚಿದ ತಕ್ಷಣ ಟಿಕ್. ಅಮಾವಾಸ್ಯೆ, ಏಕಾದಶಿ ಯಾವುದೂ ಕಾಣಲ್ಲ ಈಗ, ಬರೀ ಟಿಕ್. ಕೊಟ್ಟಿದ್ದೀವಾ ಇಲ್ವಾ ಅಂತ ಅನುಮಾನ ಬಂದರೆ ಕೊಡೋದೇ ಇಲ್ಲ. ಒಂದು ಹೊತ್ತು ತಪ್ಪಿದರೆ ಸಕ್ಕರೆ ಸ್ವಲ್ಪ ಏರೀತು, ಎರಡು ಸಲ ಕೊಟ್ಟರೆ ಜೀವಕ್ಕೇ ಬರುತ್ತೆ. ಅವನು ಊಟ ಬಿಟ್ಟ ದಿನವೂ ಡಾಕ್ಟರನ್ನು ಕೇಳದೆ ಸೂಜಿ ಮುಟ್ಟಲ್ಲ.

ಓಣಿಯಲ್ಲಿ ಸಲಹೆಗೇನೂ ಬರ ಇಲ್ಲ. ಒಬ್ಬರು ಹಾಗಲಕಾಯಿ ರಸ ಅಂತಾರೆ, ಇನ್ನೊಬ್ಬರು "ನಮ್ಮೋರ ಶುಗರ್ ಮಾತ್ರೆ ಅರ್ಧ ಕೊಡ್ತೀನಿ, ಹಾಕಿ ನೋಡಿ" ಅಂತಾರೆ. ಹೂಂ ಅಂತ ತಲೆ ಆಡಿಸಿ ಒಳಗೆ ಬರ್ತೀನಿ.

ಈಗ ತೂಕ 5.4. ಹಿಮ್ಮಡಿ ನೆಲ ಬಿಟ್ಟಿದೆ, ಹೋದ ವಾರ ಕಿಟಕಿ ಹತ್ತಿದ. ಡೋಸ್ ಮತ್ತೆ ಒಂದು ಯೂನಿಟ್‌ಗೆ ಇಳಿದಿದೆ. ಬೇಗ ಹತೋಟಿಗೆ ಬಂದ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಂತೇ ಹೋಗುತ್ತಂತೆ. ನಮ್ಮದು ಆ ಪೈಕಿಯಾ ಅಂತ ಡಾಕ್ಟರು ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ.

ಅಂದಹಾಗೆ ನಿಮ್ಮ ಮನೆ ಕರಿ ಬೆಕ್ಕಿಗೂ ವಯಸ್ಸಾಯಿತಲ್ಲ. ನೀರಿನ ಬಟ್ಟಲ ಮೇಲೆ ಒಂದು ಕಣ್ಣಿಟ್ಟಿರು.

ಸಿಟ್ಟು ಇಳಿದಿದ್ದರೆ ಈ ಭಾನುವಾರ ಬಾ. ಮಧ್ಯಾಹ್ನ ಬೆಣ್ಣೆ ದೋಸೆ ತಿನ್ನೋಣ, ಸಂಜೆ ಮಂಡಕ್ಕಿ ಮಿರ್ಚಿ ನನ್ನ ಲೆಕ್ಕ. ಆದರೆ ಏಳಕ್ಕೆ ಮೊದಲು ಮನೆ ಸೇರಬೇಕು. ಟಾರ್ಚ್ ಹಿಡಿಯುವಾಗ ಅವ್ವನ ಕೈ ನಡುಗುತ್ತೆ. ಅವತ್ತು ನೀನು ಹಿಡಿ.

ನಿನ್ನ,
ಐದಕ್ಕೇ ಎದ್ದು ಹೋದವನು